ಎರಡನೇ ಕಾವು

ಎಂಟು ಮಿಲಿಗ್ರಾಂ ಸಾಕು.
ಕುಂಕುಮದ ಭರಣಿಯ ಮುಚ್ಚಳಕ್ಕಿಂತ ಚಿಕ್ಕ ತಟ್ಟೆಗೆ ಹಾಕಿ,
ಒತ್ತಿ, ಮುಚ್ಚಿ, ಚಿಮಟದಲ್ಲಿ ಎತ್ತಿ ಕೂರಿಸಬೇಕು.
ಪಕ್ಕದಲ್ಲೊಂದು ಖಾಲಿ ತಟ್ಟೆ, ಹೋಲಿಕೆಗೆ.
ನಿಮಿಷಕ್ಕೆ ಹತ್ತು ಡಿಗ್ರಿ ಏರುತ್ತ ಹೋದರೆ
ಎಲ್ಲಿ ಮೆತ್ತಗಾದೆ, ಎಲ್ಲಿ ಕರಗಿದೆ ಎಂದು
ಗೆರೆ ತಾನೇ ಒಪ್ಪಿಕೊಳ್ಳುತ್ತದೆ.

ಜುಬೈಲ್. ಆಗಸ್ಟು. ರಾತ್ರಿ ಮೂರೂಕಾಲು.
ಹೊರಗೆ ಕಾಲಿಟ್ಟರೆ ಕನ್ನಡಕ ಕುರುಡು,
ಒಳಗೆ ಎಸಿಗೆ ಬೆರಳು ಮರಗಟ್ಟುತ್ತವೆ.

ಪಾಲಿಯೆಸ್ಟರ್ ಎಂದರೆ ನಾನು ತೊಟ್ಟ ಈ ನೀಲಿ ಅಂಗಿ.
ಪಾಲಿಕಾರ್ಬೊನೇಟ್ ಎಂದರೆ
ಮೂಲೆಯಲ್ಲಿ ತಲೆಕೆಳಗಾಗಿ ನಿಂತ ನೀರಿನ ಕ್ಯಾನು.
ಇವೆರಡನ್ನು ಕೂಡಿಸಿ, ಕಾಳು ಮಾಡಿ,
ಕಾರಿನ ಬಂಪರಿಗೆ ಮಾರುವುದು ನಮ್ಮ ಕಸುಬು.
ಕೂಡಿಸುವುದೆಂದರೆ ಹಾಲು ಸಕ್ಕರೆಯ ಹಾಗಲ್ಲ,
ಅವಲಕ್ಕಿ ಮೊಸರಿನ ಹಾಗೆ:
ಒಂದು ಇನ್ನೊಂದನ್ನು ನೆನೆಸೀತು, ಆದರೆ ಅದೇ ಆಗಬಾರದು.
ಗೆರೆಯಲ್ಲಿ ಎರಡು ಮೆಟ್ಟಿಲು ಕಾಣಬೇಕು,
ಎಂಬತ್ತೈದರ ಬಳಿ ಒಂದು, ನೂರ ನಲವತ್ತರ ಬಳಿ ಒಂದು,
ಬಸ್ಸಿನ ಸೀಟಿನಲ್ಲಿ ಅಪರಿಚಿತರಿಬ್ಬರು
ಚೂರು ಒಳಗೆ ಸರಿದು ಕೂತ ಹಾಗೆ.
ಕೊನೆಗೆ ಇನ್ನೂರ ನಲವತ್ತೆಂಟರಲ್ಲಿ
ಹರಳು ಕರಗುವ ಕಣಿವೆ.
ಅಷ್ಟಿದ್ದರೆ ಪಾಸು.

ಇವತ್ತು ಒಂದೇ ಮೆಟ್ಟಿಲು. ನೂರ ಹನ್ನೆರಡು.
ಕಣಿವೆಯ ಜಾಗದಲ್ಲಿ ಬಯಲು.

ಮೊದಲ ಕಾವನ್ನು ನಾವು ನಂಬುವುದಿಲ್ಲ.
ಹೇಗೆ ತಣಿಯಿತು, ಯಾರು ಅವಸರ ಮಾಡಿದರು,
ಆ ನೆನಪೆಲ್ಲ ಅಳಿಯಲೆಂದೇ ಒಮ್ಮೆ ಕಾಯಿಸಿ ಇಳಿಸುತ್ತೇವೆ.
ಓದುವುದು ಎರಡನೇ ಕಾವನ್ನು.
ಎರಡರಲ್ಲೂ ಅದೇ ನೂರ ಹನ್ನೆರಡು ಬಂದರೆ
ಇದು ನೆನಪಲ್ಲ.
ಕೊಂಡಿಗಳೇ ಕೈ ಬದಲಾಯಿಸಿವೆ,
ಇವನ ತುಂಡು ಅವನ ಸರಪಳಿಯಲ್ಲಿ, ಅವನದು ಇವನಲ್ಲಿ.
ಅದಕ್ಕೆ ಬೇಕಾದದ್ದು ಇಷ್ಟೆ: ಇನ್ನೂರ ಎಂಬತ್ತು ಡಿಗ್ರಿ,
ಮತ್ತೆ ಹೊತ್ತು.

ಲಾಗ್ ಪುಸ್ತಕದಲ್ಲಿ ತೇಜ್ ಬಹಾದುರ್ ಘರ್ತಿಯ ದುಂಡಗಿನ ಅಕ್ಷರ:
ಒಂದೂ ಇಪ್ಪತ್ತಕ್ಕೆ ಕರೆಂಟು ಹೋಯಿತು. ಮೆಷಿನ್ ನಿಂತದ್ದು ಹತ್ತು ನಿಮಿಷ.
ಹತ್ತು ನಿಮಿಷಕ್ಕೆ ಇಷ್ಟಾಗುವುದಿಲ್ಲ.
ನಾನೂ ಆ ಹೊತ್ತಿಗೆ ಅವನಿಗೆ ಫೋನು ಮಾಡಿದ್ದೆ,
ನಾಲ್ಕು ಸಲ.
ಎರಡರ ತನಕ ಎಂಗೇಜು.
ಅವನ ಊರು ರೋಲ್ಪಾ. ಹೆಂಡತಿಗೆ ದಿನ ತುಂಬಿತ್ತು.

ನನ್ನ ಮಗಳು ಮೇದಿನಿ ಮೊನ್ನೆ ಬಾಗಿಲಲ್ಲಿ ನಿಂತು,
"ಅಪ್ಪಾ, ಯಲ್ಲಾ, ಜಲ್ದಿ ಡೋರ್ ಹಾಕು, ಖಲ್ಲಿವಲ್ಲಿ ಆ ಬೆಕ್ಕು" ಅಂದಳು.
ಕನ್ನಡದಲ್ಲಿ ಹೇಳೇ ಎಂದು ಅವಳಮ್ಮ ಗದರಿದರೆ
ಕಣ್ಣರಳಿಸಿ ನಿಂತಳು:
"ಕನ್ನಡದಲ್ಲೇ ಹೇಳಿದೆನಲ್ಲ?"
ನಾನು ಹರಿಹರದವನು. ನಗು ಬಂತು.
ಆಮೇಲೆ ರಾತ್ರಿ ತುಂಬ ಹೊತ್ತು ನಿದ್ದೆ ಬರಲಿಲ್ಲ.

ಈ ಕೊಡುಕೊಳ್ಳುವಿಕೆ ತಡೆಯಲಿಕ್ಕೆ ಒಂದು ಪುಡಿಯುಂಟು, ಫಾಸ್ಫೈಟು,
ಚಿಟಿಕೆಯಷ್ಟು.
ಡಬ್ಬ ಬರಿದಾಗಿ ವಾರವಾಯಿತು.
ಹೊಸದು ಹೊತ್ತ ಹಡಗು ದಮ್ಮಾಮಿನ ಹೊರಗೆ ಸರದಿಯಲ್ಲಿದೆಯಂತೆ.
ಮೂರು ಸಲ ಬರೆದಿದ್ದೆ. ಮ್ಯಾನೇಜರು ಇನ್‌ಶಾ ಅಲ್ಲಾ ಅಂದಿದ್ದರು.

ಕಾರಣ ಎಂಬ ಅಂಕಣದಲ್ಲಿ ಡಬ್ಬದ ಹೆಸರು ಬರೆದೆ.
ನಿಮಿಷಗಳನ್ನು ಬರೆಯಲಿಲ್ಲ.
ಬರೆದದ್ದು ಸುಳ್ಳಲ್ಲ.
ಎರಡು ಸಲ ಓದಿ ಸಹಿ ಹಾಕಿದೆ.

ಐದೂವರೆಗೆ ಘರ್ತಿ ಬಂದ, ಕೈಯಲ್ಲಿ ಎರಡು ಸುಲೇಮಾನಿ.
ಮಗುವೇನು ಎಂದು ನಾನು ಕೇಳಲಿಲ್ಲ,
ರಿಪೋರ್ಟ್ ಏನು ಎಂದು ಅವನೂ ಕೇಳಲಿಲ್ಲ.
ಕೆಟ್ಟ ಮಾಲಿನ ಒಂದು ಕಾಳು ಹೆಕ್ಕಿ
ಟ್ಯೂಬ್‌ಲೈಟಿಗೆ ಹಿಡಿದ.
ಹಾಲಿನ ಬಣ್ಣದ್ದಿರಬೇಕಾದದ್ದು, ಗಾಜಿನ ಹಾಗಿತ್ತು.

"ಇದೇ ಚೆಂದ ಇದೆಯಲ್ಲ ಸಾಬ್. ಆಚೆಯದೆಲ್ಲ ಕಾಣತ್ತೆ."
"ಬಿಸಿಲಿಗೆ ನಿಲ್ಲೋದಿಲ್ಲ" ಅಂದೆ.
"ನೆರಳಲ್ಲಿ ಇಡೋಣ" ಅಂದ.

ಲೇಬರ್ ಬಸ್ಸು ಹಾರ್ನ್ ಹಾಕಿತು.
ಕಾಳು ಅವನ ಜೇಬಿಗೆ ಹೋಯಿತು.